ಕ್ಲಬ್ಬಿನ ಮೆಟ್ಟಿಲು

ವರ್ಷಕ್ಕೊಂದು ದಿನ, ಯೋಧರ ಸ್ಮರಣೆಯ ಏಪ್ರಿಲ್ ಇಪ್ಪತ್ತೈದರಂದು, ಊರಿಗೆ ಕ್ಲಾರಿ ಬೇಕು. ಎದೆಗೆ ಪದಕ ಸಿಕ್ಕಿಸಿಕೊಂಡು ಬಿಳಿಯರ ಜೊತೆ ಹೆಜ್ಜೆ ಹಾಕಬೇಕು, ಆಮೇಲೆ ಸೈನಿಕರ ಕ್ಲಬ್ಬಿನಲ್ಲಿ ಅವರೇ ಕೊಡಿಸುವ ಬಿಯರ್ ಕುಡಿಯಬೇಕು. ಮಾರನೆಯ ದಿನ ಅದೇ ಬಾಗಿಲಲ್ಲಿ ಅವನು ಬರೀ ಕರಿಯ. ಯುದ್ಧಕಾಲದಲ್ಲಿ ನ್ಯೂಗಿನಿಯ ಕೆಸರಿನಲ್ಲಿ ಗುಂಡು ಹಾರುವಾಗ ಯಾರೂ ಅವನ ಬಣ್ಣ ನೋಡಿರಲಿಲ್ಲ.

ಇದನ್ನು ನೆನೆದರೆ ಡಲ್ಸಿಗೆ ಮೈಯೆಲ್ಲ ಉರಿಯುತ್ತಿತ್ತು. ಅವಳೂ ಕ್ಲಾರಿಯೂ ನದಿಯಾಚೆಯ ಮಿಷನ್ನಿನವರೇ, ಮೂಲನಿವಾಸಿಗಳನ್ನು ಊರಿನಿಂದ ದೂರ ಇರಿಸಿದ್ದ ಕೇರಿಯವರು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಅವಳಿಗಂತೂ ಆ ಒಂದು ದಿನವೂ ಕ್ಲಬ್ಬಿನೊಳಗೆ ಪ್ರವೇಶವಿರಲಿಲ್ಲ.

ಮೆರವಣಿಗೆ ಮುಗಿಸಿ ಬಂದ ಕ್ಲಾರಿ ಅವಳ ಮನೆಯ ಬೇಲಿಯ ಬಳಿ ಟೋಪಿ ತಿರುಗಿಸುತ್ತ ಮದುವೆಯ ಮಾತೆತ್ತಿದ. ಗುಂಡಿಗೆ ಹೆದರದವನ ಕಣ್ಣು ನೆಲ ಬಿಟ್ಟು ಏಳಲಿಲ್ಲ.

ಡಲ್ಸಿ ಟೋಪಿ ಕಸಿದು ತನ್ನ ತಲೆಗಿಟ್ಟುಕೊಂಡಳು. "ಇವತ್ತು ನಿನಗೆ ಎಲ್ರೂ ಹೂಂ ಅಂತಾರೆ ಕಣೋ. ನಂದು ಒಂದಿನದ ಹೂಂ ಅಲ್ಲ. ನಾಳೆ ನನ್ನ ಆ ಕ್ಲಬ್ಬಿಗೆ ಕರ್ಕೊಂಡು ಹೋಗು, ಆಮೇಲೆ ಕೇಳು."

"ಒಳಗೆ ಬಿಡಲ್ಲ, ಡಲ್ಸಿ."

"ಗೊತ್ತು. ನೀನೇನ್ ಮಾಡ್ತೀಯ ನೋಡ್ಬೇಕು."

ಮರುದಿನ ಸಂಜೆ ಅವಳು ನೀಲಿ ಫ್ರಾಕು ತೊಟ್ಟಳು. ಬಾಗಿಲಲ್ಲಿ ನಿಂತವನು ಮರ್ಫಿ. ಯುದ್ಧದಲ್ಲಿ ಕ್ಲಾರಿಯ ಜೊತೆ ಒಂದೇ ಡಬ್ಬಿಯಿಂದ, ಒಂದೇ ಚಮಚದಲ್ಲಿ ತಿಂದವನು. ನಿನ್ನೆ ಹೆಗಲಿಗೆ ಕೈ ಹಾಕಿದ್ದವನು ಇಂದು ನಿಯಮ ಹೇಳಿದ, ಮುಂದಿನ ವರ್ಷ ಬಾ ಎಂದ. ತಿಂದದ್ದನ್ನು ಮರೆಯಲು ಇವರಿಗೆ ಒಂದೇ ರಾತ್ರಿ ಸಾಕು!

ಕ್ಲಾರಿ ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ಕರವಸ್ತ್ರ ಹಾಸಿ ಅವಳನ್ನು ಕೂರಿಸಿ, ಪಕ್ಕದಲ್ಲಿ ತಾನೂ ಕೂತ. ಡಲ್ಸಿ ಕೆಂಡದಲ್ಲಿ ಸುಟ್ಟು ತಂದಿದ್ದ ರೊಟ್ಟಿಯ ಗಂಟು ಬಿಚ್ಚಿ ಅರ್ಧ ಮುರಿದುಕೊಟ್ಟಳು. ಒಳಗೆ ಹೋಗುವವರು ಕಾಲೆತ್ತಿ ಅವರನ್ನು ದಾಟಬೇಕಾಯಿತು. ಅವನು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕೇಳಿದ, ನಿನ್ನೆ ನಾನು ಯಾರಾಗಿದ್ದೆ ಎಂದು. ಮುಂದೆ ಎಷ್ಟೋ ಸಭೆಗಳಲ್ಲಿ, ಮಂತ್ರಿಗಳ ಮುಂದೆ ಅವನು ಕೇಳಿದ್ದೂ ಇದನ್ನೇ.

ಕೊನೆಗೆ ಪೊಲೀಸಿನವನು ಬಂದು, ಎದ್ದು ಹೋಗು, ಇಲ್ಲವೇ ಲಾಕಪ್ಪಿಗೆ ನಡೆ ಎಂದ.

"ಲಾಕಪ್ಪಿಗೆ ಬರ್ತೀನಿ. ಬಿಟ್ಟ ಮೇಲೆ ಮತ್ತೆ ಇಲ್ಲಿಗೇ ಬರ್ತೀನಿ," ಎಂದ ಕ್ಲಾರಿ.

ಡಲ್ಸಿ ಅವನ ತೋಳು ಹಿಡಿದಳು. "ನೀನಿನ್ನೂ ಕೇಳ್ಲೇ ಇಲ್ವಲ್ಲೋ."

"ಒಳಗೆ ಕರ್ಕೊಂಡು ಹೋಗೋಕಾಗ್ಲಿಲ್ಲ."

"ನೀನೇನ್ ಮಾಡ್ತೀಯ ನೋಡ್ಬೇಕು ಅಂದಿದ್ದೆ. ನೋಡಿದೆ."

ಅವಳು ಫ್ರಾಕಿನ ಮೇಲಿನ ರೊಟ್ಟಿಚೂರು ಕೊಡವಿ ಎದ್ದು, ಪೊಲೀಸಿನವನ ಮುಂದೆ ಎರಡೂ ಕೈ ಚಾಚಿದಳು.

"ನನ್ನನ್ನೂ ಕರ್ಕೊಂಡು ಹೋಗಿ. ಇವನ ಹೆಂಡ್ತಿ ಆಗೋಳು ನಾನು."