ನಾಗಲಿಂಗನ ಕೀಲಿ

ಪ್ರೋಗ್ರಾಮು ಸಾಯುವಾಗ ಫೈಲಿಗೆ ತಾನು ಹಾಕಿದ ಕೀಲಿಯನ್ನು ತೆಗೆದೇ ಸಾಯಬೇಕು; ಲೋಕದ ಕ್ಷೇಮ ನಿಂತಿರುವುದು ಇದರ ಮೇಲೆ. ಇಳಕಲ್ಲಿನ ಶೀಲಾಳ ಕಂಪ್ಯೂಟರಿನಲ್ಲಿ ಕೀಲಿ ಹಾಗೇ ಉಳಿಯುತ್ತಿತ್ತು. ತೀರಿಹೋದ ಗಂಡ ನಾಗಲಿಂಗ, ಮಗಳ ಮದುವೆ ಸೀರೆಗೆಂದು ಬರೆದಿಟ್ಟ ದಡಿಯ, ಅಂದರೆ ಅಂಚಿನ, ವಿನ್ಯಾಸದ ಫೈಲು ತೆರೆದರೆ, ‘ನಾಗಲಿಂಗ ಬಳಸುತ್ತಿದ್ದಾರೆ’ ಎನ್ನುತ್ತಿತ್ತು. ಮದುವೆ ಹತ್ತಿರ ಬಂದಿತ್ತು.

ರಿಪೇರಿಗೆಂದು ಬಂದ ನಾನು ಆಪರೇಟಿಂಗ್ ಸಿಸ್ಟಮ್ಮಿನ ಕೋಡಿನಲ್ಲಿದ್ದ ತಪ್ಪನ್ನು ತಿದ್ದಿ, ಯಂತ್ರವನ್ನು ಆರಿಸಿ ಹೊತ್ತಿಸಿದೆ. ಮತ್ತೆ ಅದೇ ಹೆಸರು. ಯಾರೂ ಮುಟ್ಟದ ಮೌಸು ಅಂಗೈಯಷ್ಟು ಬೆಚ್ಚಗಿತ್ತು.

“ಸತ್ತವರು ಕೀಲಿ ಬಿಡಬೇಕ್ರಿ,” ಎಂದು ನಕ್ಕೆ.

“ದವಾಖಾನಿಗೆ ಹೋಗುಮುಂದ ‘ಬರ್ತೇನಿ’ ಅಂದಿದ್ರು. ‘ಹೋಗ್ತೇನಿ’ ಅಂತ ಯಾರರ ಅಂತಾರೇನ್ರಿ?” ಎಂದ ಶೀಲಾ, ಖಾಲಿ ಕುರ್ಚಿಯತ್ತ ತಿರುಗಿದಳು. “ಸಾಕು ಏಳ್ರಿ. ಊಟ ಆರಾಕತ್ತೈತಿ.”

ಫೈಲು ತೆರೆಯಿತು. ಮೌಸು ತಣ್ಣಗಾಗಿತ್ತು. ಮರುದಿನ ಸೀರೆ ಮಗ್ಗಕ್ಕೇರಿತು.