ಕಿವಿಗೆ ಹಾಕಿದ ಹರಳೆಣ್ಣೆ

ಶಾಂತಕುಮಾರಿ ಎಸೆದ ಹಿತ್ತಾಳೆ ಬಟ್ಟಲು ಬಚ್ಚಲಿನ ಕಲ್ಲಿಗೆ ಬಡಿದು ಉರುಳಿತು. ಅದರಲ್ಲಿದ್ದ ಹರಳೆಣ್ಣೆ ಹರಿದು ಅತ್ತೆ ಪಿಳ್ಳಮ್ಮನ ಪಾದದ ಹತ್ತಿರ ಬಂದು ನಿಂತಿತು.

"ನಿಮ್ಮ ಮಗನ ಬಾಳಿಗೆ ನೀವೇ ಕಲ್ಲು ಹಾಕಿದ್ರಿ ಅತ್ತೆ. ಬೇಕು ಅಂತಲೇ ಹಾಕಿದ್ರಿ."

ಪಿಳ್ಳಮ್ಮ ಬಾಗಿಲಲ್ಲಿ ನಿಂತಿದ್ದ ಮಗನ ಮುಖವನ್ನು ಒಂದು ಸಲ ನೋಡಿದಳು. ಅವನು ತಲೆ ತಗ್ಗಿಸಿದ. ಆ ತಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಹೂಂ ಕಣಮ್ಮ, ನಾನೇ ಹಾಕ್ದೆ" ಎಂದಷ್ಟೇ ಹೇಳಿ ಎಣ್ಣೆ ಒರೆಸಲು ಕುಳಿತಳು.

ನಡೆದದ್ದು ಇಷ್ಟು. ಪಿಳ್ಳಮ್ಮನ ಮಗ ಮುನಿಆಂಜನಪ್ಪ ಯುದ್ಧದಲ್ಲಿ ವಿಮಾನ ಹಾರಿಸಿ, ಬರ್ಮಾದ ಕಾಡುಗಳ ಮೇಲೆ ಗುಂಡಿನ ನಡುವೆ ಸುತ್ತಾಡಿ, ಬದುಕಿ ಜೋಗುಪಾಳ್ಯದ ಮನೆಗೆ ಮರಳಿ ಎರಡು ವರ್ಷವಾಗಿತ್ತು. ಈಗ ಮುಂಬಯಿಯಲ್ಲಿ ಹೊಸದಾಗಿ ಎದ್ದಿದ್ದ ಒಂದು ವಿಮಾನ ಕಂಪನಿಯವರು, ಅವನು ಹಾರಿದ ಆರುನೂರು ಗಂಟೆಗಳ ಲೆಕ್ಕ ಕೇಳಿ ಹಿಗ್ಗಿ, ಎರಡು ತಿಂಗಳು ಡಕೋಟಾ ಎಂಬ ದೊಡ್ಡ ವಿಮಾನದಲ್ಲಿ ಕೈ ಪಳಗಿಸಿಕೊಂಡರೆ ಸಾಕು, ಕ್ಯಾಪ್ಟನ್ ಮಾಡುತ್ತೇವೆ ಎಂದಿದ್ದರು. ಉಳಿದಿದ್ದದ್ದು ದಂಡಿನ ಡಾಕ್ಟರ ತಪಾಸಣೆಯೊಂದೇ. ಆ ದಿನ ಬೆಳಗ್ಗೆ ಡಾಕ್ಟರು ಅವನ ಕಿವಿಯೊಳಗೆ ದೀಪ ಹಿಡಿದು ನೋಡಿದರೆ ಎರಡರಲ್ಲೂ ಎಣ್ಣೆ ತುಂಬಿ ಪರದೆಯೇ ಕಾಣಿಸಲಿಲ್ಲ. ಪಕ್ಕದಲ್ಲಿ ಪಿಸುಗುಟ್ಟಿದ್ದೂ ಅವನಿಗೆ ಕೇಳಿಸಲಿಲ್ಲ. ಬೈದು, ಹದಿನೈದು ದಿನ ಬಿಟ್ಟು ಬಾ ಎಂದು ಅಟ್ಟಿದ್ದರು.

ದೂರದ ಕೆಲಸಕ್ಕೆ ಹೊರಟವರಿಗೆ ಮುಂಜಾನೆ ನೆತ್ತಿಗೆ ಎಣ್ಣೆ ತಟ್ಟಿ, ಕಿವಿಗೆ ನಾಲ್ಕು ತೊಟ್ಟು ಬಿಟ್ಟು, ಸೀಗೆಪುಡಿ ಹಾಕಿ ಮೀಯಿಸಿ ಕಳಿಸುವುದು ಆ ಮನೆಯ ಪದ್ಧತಿ. ಅದು ಶಾಂತಕುಮಾರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ! ಮದುವೆಯಾದಂದಿನಿಂದ ಒಂದು ಶುಕ್ರವಾರವೂ ಅವಳು ಅತ್ತೆಯ ಕೈಯಲ್ಲಿ ಕಿವಿಗೆ ಎಣ್ಣೆ ಹಾಕಿಸಿಕೊಂಡವಳಲ್ಲ; ಅದರಲ್ಲಿ ಏನು ಬೆರೆಸಿರುತ್ತಾರೋ ಎಂಬ ಅನುಮಾನ. ಮಗ ಸೊಸೆ ಮುಂಬಯಿಗೆ ಹೋದರೆ ತನ್ನ ಯಜಮಾನಿಕೆ ಮುಗಿಯಿತೆಂದು ಮುದುಕಿ ಹೂಡಿದ ಆಟ ಇದು ಎಂದು ಅವಳ ಮನಸ್ಸು ಕ್ಷಣದಲ್ಲಿ ತೀರ್ಪು ಕೊಟ್ಟುಬಿಟ್ಟಿತು.

ಅವಳ ಅನುಮಾನ ಅತ್ತೆಯನ್ನಷ್ಟೇ ಹಿಡಿದಿತ್ತೆಂದರೆ ತಪ್ಪು. ಮುನಿಆಂಜನಪ್ಪನ ಗೆಳೆಯ ಶೌಕತ್, ರಸೆಲ್ ಮಾರ್ಕೆಟ್ಟಿನ ಹಿಂದಿನ ಬೀದಿಯವನು. ಅವನೂ ಯುದ್ಧದಲ್ಲಿ ಹಾರಿದವನೇ, ಆದರೆ ಸಾಮಾನು, ಗಾಯಾಳುಗಳನ್ನು ಹೊತ್ತು ಡಕೋಟಾ ಓಡಿಸಿದವನು. ಅದೇ ಕಂಪನಿಗೆ ಕ್ಯಾಪ್ಟನ್ ಆಗಿ ಸೇರುತ್ತಿದ್ದ. ಹಿಂದಿನ ವಾರ ಈ ಮನೆಯ ಜಗಲಿಯಲ್ಲಿ ಚಹಾ ಕುಡಿಯುತ್ತ ಅವನು, ಗಂಟೆ ಎಷ್ಟು ಅನ್ನುವುದಕ್ಕಿಂತ ಯಾವ ವಿಮಾನದಲ್ಲಿ ಹಾರಿದ ಗಂಟೆ ಅನ್ನುವುದು ಮುಖ್ಯ, ಸೈಕಲ್ ಓಡಿಸಿದವನ ಕೈಗೆ ಮದುವೆ ದಿಬ್ಬಣದ ಬಸ್ಸು ಕೊಡಬಾರದು ಎಂದಿದ್ದ. "ಒಂದು ವರ್ಷ ಬಲಗಡೆ ಸೀಟಲ್ಲಿ ಕೂತ್ಕೋ ಭಾಯ್. ಎರಡನೇ ಪೈಲಟ್ ಅಂದ್ರೆ ಅವಮಾನ ಅಲ್ಲ" ಎಂದೂ ಹೇಳಿದ್ದ. ಒಳಗಿನಿಂದ ಕೇಳಿಸಿಕೊಂಡ ಶಾಂತಕುಮಾರಿ, ಅವನು ಹೋದ ಮೇಲೆ, ಇವನಿಗೆ ಹೊಟ್ಟೆಕಿಚ್ಚು, ಅಂಥ ಹೇಡಿಯ ಮಾತು ಕೇಳಬೇಡಿ ಎಂದು ಗಂಡನಿಗೆ ಬುದ್ಧಿ ಹೇಳಿದ್ದಳು. ಅಷ್ಟು ಹೊತ್ತಿಗಾಗಲೇ ಜೋಗುಪಾಳ್ಯದ ನಲ್ಲಿಯ ಹತ್ತಿರ ನೀರಿಗೆ ಬಂದವರಿಗೆಲ್ಲ ತನ್ನ ಗಂಡ ಕ್ಯಾಪ್ಟನ್ ಆದನೆಂದು ಸಾರಿಯೂ ಆಗಿತ್ತು!

ಬಟ್ಟಲು ಎಸೆದ ಮಾರನೆಯ ದಿನ ಪಿಳ್ಳಮ್ಮ ಎರಡು ಸೀರೆ ಗಂಟು ಕಟ್ಟಿಕೊಂಡು ದೊಡ್ಡನೆಕ್ಕುಂದಿಯಲ್ಲಿದ್ದ ಮಗಳು ಚಿಕ್ಕಮುನಿಯಮ್ಮನ ಮನೆಗೆ ಹೊರಟಳು. ಮೊಮ್ಮಗಳು ಗಂಗು ಅಜ್ಜಿಯ ಸೆರಗು ಹಿಡಿದು ಅತ್ತಳು. ಸೊಸೆ ಇರಿ ಎನ್ನಲಿಲ್ಲ. ಮಗ ಗಂಟು ಹಿಡಿದು ಜಟಕಾದವರೆಗೆ ಹೋದ, ಏನೋ ಹೇಳಲು ಬಾಯಿ ತೆರೆದ. ತಾಯಿ ಅವನ ಕೆನ್ನೆ ತಟ್ಟಿ ಹೊರಟುಬಿಟ್ಟಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದುಕೊಂಡು ಶಾಂತಕುಮಾರಿ ಒಳಗೆ ಬಂದಳು. ಗೆದ್ದವಳಿಗೆ ಇರಬೇಕಾದ ಸಂತೋಷ ಮಾತ್ರ ಎಲ್ಲೂ ಸಿಗಲಿಲ್ಲ.

ಶುಕ್ರವಾರ ಬಂತು. ಅಜ್ಜಿಯಿಲ್ಲದ ಮನೆಯಲ್ಲಿ ಗಂಗುವಿಗೆ ಎಣ್ಣೆ ಹಚ್ಚುವ ಕೆಲಸ ತಾಯಿಯ ಪಾಲಿಗೆ ಬಿತ್ತು. ನೆತ್ತಿಗೆ ತಟ್ಟುವವರೆಗೆ ಮಗು ಸುಮ್ಮನಿತ್ತು. ಕಿವಿಯ ಹತ್ತಿರ ಎಣ್ಣೆ ತಂದದ್ದೇ ತಲೆ ಕೊಡವಿತು. ಎಣ್ಣೆಯೆಲ್ಲ ಕುತ್ತಿಗೆಗೆ ಇಳಿಯಿತು. ಶಾಂತಕುಮಾರಿ ಗದರಿಸಿದಳು, ಬೆಲ್ಲದ ಆಸೆ ತೋರಿಸಿದಳು, ಕೊನೆಗೆ ಎರಡು ಮೊಣಕಾಲಿನ ನಡುವೆ ಹಿಡಿದುಕೊಂಡಳು. ಊಹೂಂ. ಒಂದು ತೊಟ್ಟೂ ಒಳಗೆ ಹೋಗಲಿಲ್ಲ. ಅಂಗೈಯಲ್ಲಿ ಎಣ್ಣೆ ಹಿಡಿದವಳು ಹಾಗೇ ಕುಳಿತುಬಿಟ್ಟಳು... ಕಿವಿ ಓರೆ ಮಾಡಿ ಕೊಡದೆ ಎಣ್ಣೆ ಒಳಗಿಳಿಯುವುದುಂಟೆ? ನಾಲ್ಕು ವರ್ಷದ ಕೂಸಿಗೇ ಹಾಕಲಾಗದ್ದನ್ನು ಆ ಮುದುಕಿ ಆರಡಿಯ ಗಂಡಸಿಗೆ ಹೇಗೆ ಹಾಕಿದಳು? ಒಂದು ಕಿವಿಯಲ್ಲ, ಎರಡೂ! ಅದೂ ಸೈನ್ಯದಲ್ಲಿ ಎಷ್ಟೋ ಸಲ ಡಾಕ್ಟರ ಮುಂದೆ ನಿಂತು, ಅವರು ಕಿವಿ ನೋಡುತ್ತಾರೆಂದು ಚೆನ್ನಾಗಿ ಬಲ್ಲವನಿಗೆ?

ಮುನಿಆಂಜನಪ್ಪ ಜಗಲಿಯಲ್ಲಿ ಕುಳಿತಿದ್ದ. ಅವಳು ಹೋಗಿ ಎದುರು ನಿಂತಳು. ಕೈಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ನಿಜ ಹೇಳ್ರಿ. ಅತ್ತೆ ಹಾಕಿದ್ರಾ? ನೀವು ಹಾಕಿಸ್ಕೊಂಡ್ರಾ?"

ಅವನ ಕೈ ತಾನಾಗಿ ಕಿವಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ಆ ಕೈ ಇಳಿಸಿ ಹೇಳಿದ.

"ಕಿವಿಗೆ ಇವತ್ತು ಬೇಡ ಕಣೋ, ಡಾಕ್ಟ್ರು ನೋಡ್ತಾರೆ ಅಂದ್ಲು ಅಮ್ಮ. ನಾನೇ ತಲೆ ಬಗ್ಗಿಸಿ, ಹಾಕು, ತುಂಬ ಹಾಕು ಅಂದೆ. ನನ್ನ ಮುಖ ಒಂದ್ಸಲ ನೋಡಿದ್ಲು. ಏನೂ ಕೇಳ್ಲಿಲ್ಲ... ಹಾಕಿದ್ಲು."

"ಯಾಕ್ರೀ?"

"ಆರ್ನೂರು ಗಂಟೆ ಅಂತ ನಾನೇ ಬೀದಿಗೆಲ್ಲ ಹೇಳ್ಕೊಂಡು ಬಂದೆ. ಹಾರಿದ್ದು ನಿಜ ಶಾಂತಾ. ಆದ್ರೆ ಅದು ಒಬ್ಬನೇ ಕೂರೋ ವಿಮಾನ. ಬಿದ್ರೆ ನಾನೊಬ್ಬ ಬೀಳ್ತಿದ್ದೆ. ಡಕೋಟಾದಲ್ಲಿ ನನ್ನ ಬೆನ್ನ ಹಿಂದೆ ಇಪ್ಪತ್ತು ಜನ ಕೂತಿರ್ತಾರೆ, ಗಂಗೂನಂಥ ಮಕ್ಕಳು ಕೂತಿರ್ತಾರೆ. ಮೋಡದೊಳಗೆ ಅವರನ್ನ ಹೊತ್ಕೊಂಡು ಹೋಗೋ ಕಸುಬು ಎರಡು ತಿಂಗಳಲ್ಲಿ ಬರೋದಲ್ಲ. ಶೌಕತ್ ಹೇಳಿದ್ದೇ ಸರಿ. ಆದ್ರೆ ಅವನನ್ನ ನೀನು ಹೇಡಿ ಅಂದ್ಬಿಟ್ಟೆ. ಆಮೇಲೆ ನಾನು ಹೇಗೆ ಬಾಯಿ ಬಿಡ್ಲಿ?"

ಊರನ್ನೆಲ್ಲ ಅನುಮಾನಿಸಿದವಳಿಗೆ, ತನ್ನ ಪಕ್ಕದಲ್ಲೇ ಮಲಗುವ ಗಂಡ ಹೆದರಿ ಹೆದರಿ ನಿದ್ದೆಗೆಟ್ಟಿದ್ದು ಕಾಣಿಸಿರಲಿಲ್ಲ. ಆ ಮುದುಕಿ ಒಂದೇ ನೋಟದಲ್ಲಿ ಕಂಡಿದ್ದಳು. ಮಗನ ಮಾನ ಸೊಸೆಯ ಎದುರು ಹೋಗಬಾರದೆಂದು ತಪ್ಪಿತಸ್ಥೆಯ ಪಟ್ಟ ಕಟ್ಟಿಕೊಂಡು, ತನ್ನದೇ ಮನೆಯಿಂದ ಗಂಟು ಹೊತ್ತು ಹೊರಟುಹೋಗಿದ್ದಳು! ನೆನೆದ ಶಾಂತಕುಮಾರಿಗೆ ಕಣ್ಣೀರು ತಡೆಯದೆ ಸುರಿಯಿತು. ಎಣ್ಣೆಗೈಯಲ್ಲೇ ಮುಖ ಒರೆಸಿಕೊಂಡು, ಮಗುವನ್ನು ಗಂಡನ ಮಡಿಲಿಗೆ ಹಾಕಿ, ಅವಳು ಆಗಲೇ ಜಟಕಾ ಹಿಡಿದು ದೊಡ್ಡನೆಕ್ಕುಂದಿಗೆ ಹೋದಳು. ಅಲ್ಲಿ ರಾಗಿ ಕೇರುತ್ತಿದ್ದ ಅತ್ತೆಯ ಕಾಲು ಹಿಡಿದು ಏನು ಹೇಳಿದಳೋ, ಅತ್ತದ್ದರಲ್ಲಿ ಮಾತು ಎಷ್ಟಿತ್ತೋ, ಚಿಕ್ಕಮುನಿಯಮ್ಮನಿಗೂ ತಿಳಿಯಲಿಲ್ಲ. ಪಿಳ್ಳಮ್ಮ ಮೊರ ಕೆಳಗಿಟ್ಟು, "ಅವನಿಗೇನೂ ಅನ್ಬೇಡ ಕಣೇ, ಪಾಪ" ಎಂದದ್ದಷ್ಟೇ ಕೇಳಿಸಿತು. ಸಂಜೆಯೊಳಗೆ ಅತ್ತೆ ಸೊಸೆ ಇಬ್ಬರೂ ಜೋಗುಪಾಳ್ಯದ ಮನೆಯಲ್ಲಿದ್ದರು.

ಡಾಕ್ಟರು ಹೇಳಿದ ದಿನ ಬಂತು. ಪಿಳ್ಳಮ್ಮ ಮಗನ ನೆತ್ತಿಗೆ ಎಣ್ಣೆ ತಟ್ಟಿ, ಕಿವಿಗೆ ಹಾಕಲೋ ಬೇಡವೋ ಎಂದು ಸುಮ್ಮನೆ ಮುಖ ನೋಡಿದಳು. ಬೇಡಮ್ಮ ಎಂದ ಅವನು. ಹೋಗುವ ಮೊದಲು ಅವಳು ಸೆರಗಿನ ತುದಿಯಿಂದ ಎರಡೂ ಕಿವಿ ಒರೆಸಿ ಕಳಿಸಿದಳು. ತಪಾಸಣೆಯಲ್ಲಿ ಅವನು ಗೆದ್ದ. ಗೆದ್ದವನು ಕಂಪನಿಯವರ ಇಲ್ಲಿನ ಕಚೇರಿಗೆ ಹೋಗಿ, ನನಗೆ ಸದ್ಯಕ್ಕೆ ಕ್ಯಾಪ್ಟನ್ ಪದವಿ ಬೇಡ, ಶೌಕತ್‌ನ ಕೈಕೆಳಗೆ ಬಲಗಡೆಯ ಸೀಟು ಕೊಡಿ ಎಂದ. ಅವರು ಹುಬ್ಬೇರಿಸಿದರೂ ಒಪ್ಪಿದರು. ಮೊದಲ ವರ್ಷ ಅವನೊಬ್ಬನೇ ಮುಂಬಯಿಯಲ್ಲಿರುವುದೆಂದೂ, ಎಡಗಡೆಯ ಕ್ಯಾಪ್ಟನ್ ಸೀಟು ಸಿಕ್ಕಿದ ಮೇಲೆ ಎಲ್ಲರನ್ನೂ, ತಾಯಿಯನ್ನೂ ಸೇರಿಸಿ, ಕರೆಸಿಕೊಳ್ಳುವುದೆಂದೂ ಮನೆಯಲ್ಲಿ ಮಾತಾಯಿತು. ಶಾಂತಕುಮಾರಿಯ ಮುಂಬಯಿ ಕನಸು ದೂರ ಸರಿಯಿತು. ಆಕೆ ಹೂಂ ಎಂದಳು.

ಅವನು ರೈಲು ಹತ್ತಿದ ಮರುದಿನ ನಲ್ಲಿಯ ಹತ್ತಿರ ಎದುರುಮನೆಯ ಮುನಿಲಕ್ಷ್ಮಮ್ಮ, ಎಲ್ಲರಿಗೂ ಕೇಳುವಂತೆ, ಕ್ಯಾಪ್ಟನ್ ಆದರಾ ನಿಮ್ಮವರು ಎಂದು ವಿಚಾರಿಸಿದಳು. ಶಾಂತಕುಮಾರಿ ಬಿಂದಿಗೆ ಸೊಂಟಕ್ಕೇರಿಸಿ, "ಇಲ್ಲಕ್ಕ. ಇನ್ನೂ ಕಲೀತಾ ಇದ್ದಾರೆ" ಎಂದು ನಡೆದಳು. ಬೆನ್ನ ಹಿಂದೆ ಯಾರೋ ನಕ್ಕರು. ಅದು ಅವಳಿಗೆ ಚುಚ್ಚಿತು ಕೂಡ, ಸುಳ್ಳೇಕೆ.

ಆ ವಾರದ ಶುಕ್ರವಾರ ಗಂಗುವಿಗೆ ನೀರು ಹಾಕಿ ಮುಗಿಸಿದ ಪಿಳ್ಳಮ್ಮ ಬಟ್ಟಲಲ್ಲಿ ಉಳಿದ ಹರಳೆಣ್ಣೆ ನೋಡಿ ಸೊಸೆಯನ್ನು ಕರೆದಳು. ಬಂದು ಕುಳಿತವಳ ನೆತ್ತಿಗೆ ಎಣ್ಣೆ ತಟ್ಟಿದಳು. ಕಿವಿಯ ಹತ್ತಿರ ಬಂದ ಕೈ, ಹಳೆಯ ಅಭ್ಯಾಸದಂತೆ, ಅಲ್ಲೇ ತಡೆದು ಹಿಂದೆ ಸರಿಯಿತು.

ಶಾಂತಕುಮಾರಿ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಕಿವಿ ಓರೆ ಮಾಡಿ ಕಣ್ಣು ಮುಚ್ಚಿಕೊಂಡಳು.