ಬೆಂಕಿ ಆರಿದ ಮೇಲೆ ಬಿದ್ದ ಬೀಮು

ಕೊಡಿಗೇನಹಳ್ಳಿಯ ಹುಣಸೆಹಣ್ಣಿನ ಗೋಡೌನ್ ಸುಟ್ಟ ಬೆಳಿಗ್ಗೆ ನಾನು ಇಡೀ ಊರಿನ ಮುಂದೆ ಮಾನ ಕಳೆದುಕೊಂಡೆ. ಅದೂ ಯಾರಿಗೋಸ್ಕರ? ಎಂಟು ತಿಂಗಳಿಂದ ನನ್ನ ಜೊತೆ ಬರೀ ಜಗಳವಾಡುತ್ತಿದ್ದ ಫ್ಯಾಬ್ರಿಕೇಟರ್ ಯುವರಾಜನಿಗೋಸ್ಕರ!

ಆ ಗೋಡೌನ್‌ಗೆ ಡ್ರಾಯಿಂಗ್ ಬರೆದವಳು ನಾನು, ಮಧುಗಿರಿಯ ಇಂಜಿನಿಯರ್ ಯಶಸ್ವಿನಿ. ಕಬ್ಬಿಣ ಕತ್ತರಿಸಿ, ಬೋಲ್ಟು ಬಿಗಿದು ನಿಲ್ಲಿಸಿದವನು ಅವನು. ಮೊದಲ ದಿನ ನನ್ನನ್ನು ಮಾಲೀಕರ ಮಗಳು ಅಂದುಕೊಂಡು, "ಕಿಡಿ ಹಾರ್ತದೆ, ಅತ್ಲಾಗೆ ಕೂತ್ಕಳಮ್ಮ" ಅಂದಿದ್ದ. ಮೈಯೆಲ್ಲಾ ಉರಿದು ಹೋಗಿತ್ತು ನನಗೆ. ಡ್ರಾಯಿಂಗ್ ಹಾಳೆ ಅವನ ಮುಂದೆ ಹಿಡಿದಾಗ ಕನ್ನಡಕ ಹಣೆಗೇರಿಸಿ, ತುಟಿ ಕಚ್ಚಿಕೊಂಡು ನಗು ತಡೆದ. ಹಾಳಾದ ನಗು! ಅವತ್ತಿನಿಂದ ನನಗೆ ಸರಿಯಾಗಿ ಊಟ ಸೇರಿಲ್ಲ.

ಬೆಂಕಿ ಹತ್ತಿದ್ದು ಬೆಳಿಗ್ಗೆ ಐದಕ್ಕೆ, ಗೋಣಿಚೀಲಗಳಿಗೆ. ನಾನು ತಲುಪುವಷ್ಟರಲ್ಲಿ ಎಂಟಾಗಿತ್ತು. ಜ್ವಾಲೆ ಆರಿತ್ತು. ಅಗ್ನಿಶಾಮಕದವರು ಹಿಂಬದಿಯಲ್ಲಿ ಹೊಗೆಯಾಡುವ ಚೀಲಗಳನ್ನು ಎಳೆದು ಹಾಕುತ್ತಿದ್ದರು. ಮುಂಬಾಗಿಲಲ್ಲಿ ಯುವರಾಜ್ ನಿಂತಿದ್ದ, ಮುಖದ ತುಂಬಾ ಹೆಮ್ಮೆ.

"ನೋಡಿದ್ರಾ ಮೇಡಂ? ಅಷ್ಟ್ ಉರುದ್ರೂವೆ ಒಂದ್ ಬೀಮೂ ಬಿದ್ದಿಲ್ಲ. ವಸಿ ಜೋತವೆ ಅಷ್ಟೇಯ."

"ಬೀಮ್ ನೋಡ್ಬೇಡಿ, ಅದರ ತುದಿ ನೋಡಿ. ಕಂಬಕ್ಕೆ ಬೋಲ್ಟು ಹಾಕಿರೋ ಜಾಗ."

"ಬೆಂಕಿ ಆರೋಯ್ತಲ್ಲ, ಇನ್ನೇನಾಯ್ತದೆ?"

"ಈಗಲೇ ಅಪಾಯ ರೀ! ಕಾದಾಗ ಬೀಮು ಉದ್ದ ಆಗೋಕೆ ಹೋಯ್ತು, ಕಂಬ ಬಿಡಲಿಲ್ಲ, ಅದಕ್ಕೇ ಜೋತಿದೆ. ಈಗ ತಣ್ಣಗಾಗ್ತಾ ಕುಗ್ಗುತ್ತೆ. ಬಿಗಿದ ಹಗ್ಗದ ಹಾಗೆ ಎರಡೂ ಕಡೆ ಕಂಬ ಜಗ್ಗುತ್ತೆ. ಬೋಲ್ಟು ಆಗಲೇ ಬೆಂದು ಶಕ್ತಿ ಕಳ್ಕೊಂಡಿದೆ. ತಡೆಯಲ್ಲ."

"ಬುಕ್ಕಲ್ಲಿ ಅಂಗ್ ಬರ್ದವ್ರಾ?" ಅಂತ ಕಣ್ಣು ಮಿಟುಕಿಸಿದ.

"ನಿಮ್ಮ ತಲೆ!"

ನಾವು ಹೀಗೆ ಕಿತ್ತಾಡುವಾಗಲೇ ಮಾಲೀಕ ಚಿಕ್ಕನರಸಯ್ಯನವರ ತಾಯಿ ದೊಡ್ಡಕ್ಕ ತಂಬಿಗೆ ತುಂಬ ಹಾಲು ಹಿಡಿದು ಪಕ್ಕದ ಬಾಗಿಲಿನಿಂದ ಒಳಗೆ ನಡೆದೇಬಿಟ್ಟಿದ್ದರು. ಬೆಂಕಿ ಬಿದ್ದ ಜಾಗಕ್ಕೆ ಹಿರಿಯರು ಹಾಲು ಬಿಟ್ಟು ತಂಪು ಮಾಡುವವರೆಗೂ ಆ ಮನೆಯಲ್ಲಿ ಯಾರೂ ಗುಟುಕು ನೀರೂ ಕುಡಿಯುವುದಿಲ್ಲವಂತೆ.

"ಅಜ್ಜೀ, ಬೇಡ! ಆಚೆ ಬನ್ನಿ!" ಅಂತ ಕೂಗಿದೆ.

"ಎಲ್ಲಾ ತಣ್ಣಗಾಗದೆ ಕಣಮ್ಮ, ಹೆದರ್ಕಬ್ಯಾಡ," ಅಂದರು, ಸರಿಯಾಗಿ ಜೋತ ಬೀಮಿನ ಕೆಳಗೆ ನಿಂತು.

ಟಣ್!

ಬೋಲ್ಟಿನ ತಲೆ ಹಾರಿ ಗೋಡೆಗೆ ಬಡಿಯಿತು. ಯುವರಾಜ್ ನನ್ನ ಮುಖ ನೋಡಿದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಮರುಕ್ಷಣ ಒಳಗೆ ಓಡಿದ. ಟಣ್, ಟಣ್ ಅಂತ ಮತ್ತೆರಡು. ಅವನು ಅಜ್ಜಿಯನ್ನು ಅನಾಮತ್ತಾಗಿ ಎತ್ತಿಕೊಂಡಿದ್ದನ್ನು ಕಂಡೆ. ಆಮೇಲೆ ಬೀಮು ಬಿತ್ತು. ನೆಲ ಅದುರಿತು. ಬೂದಿ ಎದ್ದು ಏನೂ ಕಾಣದಾಯಿತು.

ಆಗ ಯಾರೋ ಹೆಂಗಸು ಕಿರುಚಿದಳು: "ಲೇ ಯುವರಾಜಾ! ಆಚೆ ಬಾರೋ! ನೀನ್ ಸತ್ರೆ ನಾನ್ ಯಾರನ್ನೋ ಮದ್ವೆ ಆಗ್ಲಿ?"

ಅಯ್ಯೋ ದೇವರೇ, ಆ ಹೆಂಗಸು ನಾನೇ!

ಜನವೆಲ್ಲ ತಿರುಗಿ ನನ್ನನ್ನೇ ನೋಡಿದರು. ನನಗೆ ನಾಚಿಕೆಪಡಲೂ ಆಗಲಿಲ್ಲ. ಬಾಗಿಲು ನೋಡುತ್ತಾ ನಿಂತೆ.

ಬೂದಿಯೊಳಗಿಂದ ಮೊದಲು ಕೆಮ್ಮು ಕೇಳಿಸಿತು. ಅಜ್ಜಿಯನ್ನು ಹೊತ್ತು ಅವನು ಬಂದ, ತಲೆಯಿಂದ ಕಾಲಿನವರೆಗೂ ಬೂದಿ. ಅವರನ್ನು ಚಪ್ಪಡಿ ಮೇಲೆ ಕೂರಿಸಿ, ತಾನೂ ಅಲ್ಲೇ ಕುಸಿದ.

"ನಾನ್ ಬಿಗಿದ್ ಬೋಲ್ಟು ಕಣ್ರೀ..." ಅಂದ.

"ನಿನ್ನ ಕೆಲಸ ಸರಿಯಾಗೇ ಇತ್ತು. ಅದು ಬೆಂಕಿಯ ಕೆಲಸ." ಅವನ ತಲೆಯ ಬೂದಿ ಕೊಡವಿದೆ. "ಬೀಳುತ್ತೆ ಅಂತ ಹೇಳಿದ್ನಲ್ಲೋ, ಯಾಕೋ ಹೋದೆ? ನನ್ನ ಮಾತು ನಂಬಲಿಲ್ವಾ?"

"ಮೊದ್ಲು ನಂಬಿರ್ಲಿಲ್ಲ. ಒಂದ್ ಬೋಲ್ಟ್ ಹಾರ್ದಾಗ್ಲೇ ದಿಟ ಅಂತ ಗೊತ್ತಾಯ್ತು. ನಾನೂ ಆಚೆ ಬರಾಕಿಲ್ಲ ಅಂತ್ಲೇ ಅಂದ್ಕಂಡೆ. ಅದ್ಕೇ ಓಡೋವಾಗ ನಿಮ್ ಮುಖ ಒಂದ್ಸಲ ನೋಡ್ಕಂಡ್ ಹೋದೆ."

ಕೆನ್ನೆಗೆ ಫಟಾರನೆ ಬಾರಿಸಿದೆ. ಆಮೇಲೆ ಅದೇ ಕೈಯಲ್ಲಿ ಅವನ ಅಂಗಿ ಹಿಡಿದುಕೊಂಡು ಗೊಳೋ ಎಂದು ಅತ್ತೆ.

"ಲೇ, ಹುಡ್ಗಿ ಊರಿಗೆಲ್ಲಾ ಕೇಳಂಗ್ ಕೇಳವಳೆ. ಆಯ್ತೀನಿ ಅನ್ಲಾ!" ಅಂತ ದೊಡ್ಡಕ್ಕ ಗದರಿದರು.

"ಆಯ್ತೀನಿ," ಅಂದ ಯುವರಾಜ್, ಕೆನ್ನೆ ಸವರಿಕೊಳ್ಳುತ್ತಾ. "ನಿಮ್ಮಪ್ಪಂಗೆ ಯಾರ್ ಹೇಳ್ತಾರೆ?"

"ನಾನೇ. ಇವತ್ತೇ. ನೀನು ಪಕ್ಕದಲ್ಲಿ ನಿಂತ್ಕೊ, ಸಾಕು."

ಒಳಗೆ ಎರಡನೆಯ ಬೀಮು ಬಿತ್ತು. ಎಲ್ಲರೂ ಬೆಚ್ಚಿ ಹಿಂದೆ ಸರಿದರು. ನಾನು ಅವನ ಅಂಗಿ ಬಿಡಲಿಲ್ಲ.